ಕೌದಿಯ ಮೂಲೆಯ ರೊಟ್ಟಿ ಮತ್ತು ಸಮುದ್ರದಾಚೆಯ ಕಂಪನಿ

ಊರಿಗೆಲ್ಲ ಬುದ್ಧಿ ಹೇಳಿ ಹೊಟ್ಟೆ ಹೊರೆದವನಿಗೆ ದೇವರು ಕೊನೆಗೊಂದು ಪರೀಕ್ಷೆ ಇಟ್ಟೇ ಇಟ್ಟಿರುತ್ತಾನೆ. ನಾನು ಮಾನ್ವಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತೆರಡು ವರ್ಷ ಬಾಂಡ್ ರೈಟರ್ ಆಗಿದ್ದವನು. ಹೊಲ ಮಾರುವವರು, ಮನೆ ಕೊಳ್ಳುವವರು, ಪಾಲು ಹಂಚಿಕೊಳ್ಳುವ ಅಣ್ಣತಮ್ಮಂದಿರು ಎಲ್ಲರೂ ನನ್ನ ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎದ್ದವರೇ. ಪ್ರತಿಯೊಬ್ಬರಿಗೂ ನಾನು ಕಾಗದವನ್ನು ಜೋರಾಗಿ ಓದಿ ಹೇಳುತ್ತಿದ್ದೆ. "ತಿಳೀಲಾರದ ಹೆಬ್ಬೆಟ್ಟು ಒತ್ತಬ್ಯಾಡ್ರೋ. ಬಟ್ಟಿನ ಮಸಿ ತೊಳದ್ರ ಹೋಗ್ತದ, ಕಾಗದದ ಮ್ಯಾಲಿಂದು ಹೋಗೂದಿಲ್ಲ" ಎಂದು ಗದರಿಸುತ್ತಿದ್ದೆ. ಈ ಮಾತಿಗೆ ಮಾನ್ವಿ ತಾಲ್ಲೂಕಿನಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಅಂಥ ನಾನು ನಿವೃತ್ತನಾಗಿ ರಾಯಚೂರಿಗೆ ಬಂದು, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಮೊಬೈಲಿನಲ್ಲಿ ನಲವತ್ತು ಪುಟದ ಕರಾರಿಗೆ ಒಂದಕ್ಷರವನ್ನೂ ಓದದೆ 'ಒಪ್ಪಿದೆ' ಎಂದುಬಿಟ್ಟೆ. ನಾನು ಒತ್ತಿದ್ದೂ ಹೆಬ್ಬೆಟ್ಟೇ. ಮಸಿ ಇರಲಿಲ್ಲ ಅಷ್ಟೆ.

ಆದದ್ದು ಹೀಗೆ. ನಮ್ಮ ಮಾಳಿಗೆ ಮೇಲೆ ಬಾಡಿಗೆಗಿರುವ ಮೇಷ್ಟ್ರು ಯರಗೇರಾದ ಕ್ಯಾಂಪಸ್ಸಿನಲ್ಲಿ ಪಾಠ ಹೇಳುತ್ತಾರೆ. ಅಲ್ಲಿ ಏನೋ ಸೆಮಿನಾರಿಗೆಂದು ಬಂದಿದ್ದ ವಿದೇಶಿ ಹೆಂಗಸೊಬ್ಬಳನ್ನು ಒಂದು ದಿನ ಊಟಕ್ಕೆ ಕರೆತಂದರು. ಅವರ ಮನೆಯಲ್ಲಿ ಗ್ಯಾಸು ಮುಗಿದಿತ್ತು, ಹಾಗಾಗಿ ಊಟ ನಮ್ಮ ಮನೆಯಲ್ಲಿ. ನನ್ನ ಹೆಂಡತಿ ಮಹಾದೇವಿ ಆಕೆಗೆ ಕೂರಲು ತವರಿನ ಕೌದಿ ಹಾಸಿದಳು. ಹಳೆಯ ಸೀರೆ, ಪಂಚೆಗಳ ತುಂಡು ಸೇರಿಸಿ ಒತ್ತಾಗಿ ಹೊಲಿಗೆ ಹಾಕಿದ ಹಾಸಿಗೆ ಅದು. ಇಲ್ಲಿ ಅದಿಲ್ಲದ ಮನೆಯಿಲ್ಲ, ಅದನ್ನು ನೋಡಿ ಬೆರಗಾದವರೂ ಇಲ್ಲ. ಆ ಹೆಂಗಸು ಮಾತ್ರ ರೊಟ್ಟಿ ಬಿಟ್ಟು ಕೌದಿಯನ್ನೇ ಸವರುತ್ತ ಕೂತಳು. ಹೋಗುವಾಗ ಇಂಥವು ಹದಿನೈದು ಬೇಕು, ಒಂದಕ್ಕೆ ಆರು ಸಾವಿರದಂತೆ ಕೊಡುತ್ತೇನೆ ಎಂದಳು. ಆರು ಸಾವಿರ ಎಂದಾಗ ನಾನು ಕೂತಿದ್ದ ಕೌದಿಯಿಂದ ಮೆಲ್ಲಗೆ ಪಕ್ಕಕ್ಕೆ ಸರಿದು ಬರಿ ನೆಲದ ಮೇಲೆ ಕೂತೆ.

ಮಹಾದೇವಿಯ ತವರು ದೇವದುರ್ಗ ತಾಲ್ಲೂಕಿನ ಮಸರಕಲ್. ಅಲ್ಲಿಯ ದುರುಗಮ್ಮ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಕೂಲಿಗೆ ಹೋಗಿ ಬಂದು, ಉಳಿದ ಹೊತ್ತಿನಲ್ಲಿ ಹೊಲಿದು, ಮಗಳನ್ನು ರಾಯಚೂರಿನಲ್ಲಿ ನರ್ಸಿಂಗ್ ಓದಿಸುತ್ತಿರುವವಳು. ದುರುಗಮ್ಮ ಇನ್ನು ನಾಲ್ವರನ್ನು ಸೇರಿಸಿಕೊಂಡು ಮೂರು ತಿಂಗಳಲ್ಲಿ ಹದಿನೈದು ಕೌದಿ ಮುಗಿಸಿದಳು. ತಲಾ ಹದಿನಾರು ಸಾವಿರ ಹೆಂಗಸರಿಗೆ, ಉಳಿದದ್ದು ಬಟ್ಟೆ, ನೂಲು, ಪಾರ್ಸಲ್ಲಿಗೆ ಎಂದು ಮಹಾದೇವಿ ಮಾತು ಕೊಟ್ಟಳು. ತನಗೆಂದು ಒಂದು ರೂಪಾಯಿ ಇಟ್ಟುಕೊಳ್ಳಲಿಲ್ಲ. ನನ್ನಂಥವನ ಜೊತೆ ಇಷ್ಟು ವರ್ಷ ಬಾಳಿದರೂ ಆಕೆಗೆ ವ್ಯವಹಾರ ಹತ್ತಿಲ್ಲ ಎಂದು ನಾನು ಆಗ ಮರುಗಿದ್ದೆ.

ಹಣ ಹೇಗೆ ಕಳಿಸಲಿ ಎಂದು ಆ ಹೆಂಗಸು ಕೇಳಿದಳು. "ಬ್ಯಾಂಕಿಗೆ ಹಾಕಂತ ಹೇಳ್ರಿ" ಎಂದಳು ಮಹಾದೇವಿ. ಮಾಳಿಗೆಯ ಮೇಷ್ಟ್ರೂ ಅದನ್ನೇ ಅಂದರು. ಇಬ್ಬರೂ ಒಂದೇ ಮಾತು ಹೇಳಿದರೆ ನಾನು ಮೂರನೆಯದನ್ನು ಹೇಳಬೇಕಲ್ಲ. ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿದ್ದೆ: ಜಗತ್ತಿನ ಯಾವ ಮೂಲೆಯಿಂದಲಾದರೂ ಮೂರು ನಿಮಿಷದಲ್ಲಿ ಹಣ. ಕಂಪನಿಯ ಹೆಸರು ಹೇಳುವುದಿಲ್ಲ, ವಕೀಲರು ಬೇಡ ಎಂದಿದ್ದಾರೆ. "ಬ್ಯಾಂಕು ಹಳೇ ಕಾಲದ್ದು, ನಿಮಗ ತಿಳಿಯಂಗಿಲ್ಲ" ಎಂದು ಇಬ್ಬರ ಬಾಯನ್ನೂ ಮುಚ್ಚಿಸಿ ನಾನೇ ಖಾತೆ ತೆರೆದೆ.

ಖಾತೆ ತೆರೆದ ಮೇಲೆ ಒಂದು ಅರ್ಜಿ ಬಂತು. ಮಾರಿದ ವಸ್ತುವಿನ ವಿವರ ಬರೆಯಿರಿ ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ 'ಹಾಸಿಗೆ, ಹದಿನೈದು' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಾನು ಬಾಂಡ್ ರೈಟರ್. ಹೊಲ ಬರೆದರೆ ಹೊಲದೊಳಗಿನ ಬಾವಿ, ಬಾವಿಯ ಪಕ್ಕದ ಬನ್ನಿ ಗಿಡ, ಅದರ ಕೆಳಗಿನ ಕಲ್ಲು ಎಲ್ಲ ಬರೆದು ರೂಢಿ. ಮಸರಕಲ್ಲಿನ ನಮ್ಮ ಹೆಂಗಸರದ್ದೊಂದು ಪದ್ಧತಿಯಿದೆ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಣ ರೊಟ್ಟಿಯ ಒಂದು ಚೂರು ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು ಎಂದು. ಇದನ್ನು ಮುಚ್ಚಿಟ್ಟರೆ ನಾಳೆ ಕೊಂಡವರು ತಕರಾರು ಮಾಡಿಯಾರು ಎಂದು ನನ್ನ ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ಬರೆದೆ: ಸದರಿ ಹದಿನೈದು ಹಾಸಿಗೆಗಳ ಪ್ರತಿಯೊಂದರ ಒಂದು ಮೂಲೆಯಲ್ಲಿ, ಹೊರಗಿನಿಂದ ಕಾಣದಂತೆ, ಒಣಗಿದ ಪದಾರ್ಥದ ತುಂಡೊಂದನ್ನು ಹೊಲಿದು ಅಡಗಿಸಲಾಗಿದೆ. ಓದಿ ನೋಡಿ ನನಗೇ ಹೆಮ್ಮೆಯಾಯಿತು. ತೊಂಬತ್ತು ಸಾವಿರ ಬಂದು ಖಾತೆಯಲ್ಲಿ ಕೂತ ಮರುದಿನವೇ ಕಂಪನಿ ಅದಕ್ಕೆ ಬೀಗ ಹಾಕಿತು. ಅಕ್ರಮ ಪದಾರ್ಥ ಸಾಗಣೆಯ ಅನುಮಾನ, ಪರಿಶೀಲನೆ ನಡೆದಿದೆ ಎಂದು ತಿಳಿಸಿತು. ಕೌದಿಗಳು ಅಷ್ಟರಲ್ಲಿ ಆ ಹೆಂಗಸಿನ ಮನೆ ಮುಟ್ಟಿದ್ದವು. ಆಕೆಯೂ ಪಾಪ ಕಂಪನಿಗೆ ಪತ್ರ ಬರೆದಳು, ಉಪಯೋಗವಾಗಲಿಲ್ಲ.

ಕಂಪನಿಯೊಡನೆ ಮಾತಾಡಲು ಫೋನ್ ನಂಬರೇ ಇಲ್ಲ. ಮೊಬೈಲಿನ ಪರದೆಯ ಮೇಲೆ ಸೋಫಿಯಾ ಎಂಬ ಹುಡುಗಿಯ ನಗುಮುಖ, ಅದರ ಕೆಳಗೆ ನಾವು ಬರೆಯಬೇಕು. ನಮ್ಮ ಕಡೆ ಬಾಕಿ ಕೇಳಲು ಹೋದರೂ ಮೊದಲು ಊಟ ವಿಚಾರಿಸುವುದು ಮರ್ಯಾದೆ. ಹಾಗಾಗಿ ಊಟ ಆಯಿತೇನಮ್ಮಾ ಎಂದು ಬರೆದೆ. ನಿಮ್ಮ ಊಟದ ವಿಷಯವನ್ನು ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ, ಏಳು ದಿನಗಳಲ್ಲಿ ಉತ್ತರ ಬರುತ್ತದೆ ಎಂದಳು. ರೊಟ್ಟಿ ಎಂದರೇನು, ಜೋಳ ಎಂದರೇನು, ಹಸಿವೆ ಎಂದರೇನು ಎಂದು ಆಕೆಗೆ ವಿವರಿಸುತ್ತ ಒಂದು ತಿಂಗಳು ಕಳೆದೆ. ನಾನು ಮೊಬೈಲು ಹಿಡಿದು ಒಬ್ಬನೇ ನಗುವುದು, ಸಿಟ್ಟಾಗುವುದು, ಮತ್ತೆ ಕ್ಷಮೆ ಕೇಳುವುದನ್ನು ನೋಡಿ ಮಹಾದೇವಿ "ಯಾರ್ರೀ ಆಕಿ?" ಎಂದಳು. ಕಂಪನಿಯ ಹುಡುಗಿ ಎಂದೆ. ಮಾಳಿಗೆಯ ಮೇಷ್ಟ್ರು ಇಣುಕಿ ನೋಡಿ, ಅದು ಹುಡುಗಿಯಲ್ಲ, ಯಂತ್ರ ಎಂದರು. ಮಹಾದೇವಿಗೆ ಅಂದು ಸಮಾಧಾನವಾಯಿತು. ನನಗೆ, ಸುಳ್ಳೇಕೆ ಹೇಳಲಿ, ಸ್ವಲ್ಪ ಬೇಜಾರಾಯಿತು.

ಅತ್ತ ದುರುಗಮ್ಮನ ಮಗಳ ಕಾಲೇಜಿನಲ್ಲಿ ಫೀಸು ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು. ದುರುಗಮ್ಮ ಜಗಳ ಮಾಡುವವಳಲ್ಲ. "ಯಕ್ಕಾ, ಅವಸರ ಇಲ್ಲ, ಹಂಗss ಕೇಳೀನಿ" ಎಂದು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಮಹಾದೇವಿ ನನಗೆ ರೊಟ್ಟಿ ಬಡಿಸುವಾಗ ಕೈಯಲ್ಲಿ ಬಂಗಾರದ ಪಾಟ್ಲಿ ಇರಲಿಲ್ಲ, ಬರೀ ಗಾಜಿನ ಬಳೆ. ಎಲ್ಲಿ ಎಂದೆ. "ಅಡ ಇಟ್ಟೀನಿ. ದುರುಗಮ್ಮಂದು ಹದಿನಾರು ಸಾವಿರ ಮುಟ್ಟಿಸೀನಿ. ಉಳದ ನಾಕು ಮಂದೀದು ನೀವು ನೋಡ್ರಿ" ಎಂದಳು. ಅಷ್ಟೇ ಹೇಳಿದ್ದು. ಆಕೆ ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ. ಆ ದಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ, ನಿಜವಾಗಿಯೂ ನಾಚಿಕೆಯಾಯಿತು.

ಮರುದಿನವೇ ಮೆಹಬೂಬ್ ವಕೀಲರ ಬಳಿ ಹೋದೆ. ಅವರು ಮಾನ್ವಿಯವರೇ, ನನ್ನ ಬೇವಿನ ಮರದ ಕಾಲದ ಗೆಳೆಯರು, ಈಗ ರಾಯಚೂರಿನಲ್ಲಿ ವಕೀಲಿ. ಕಂಪನಿಯ ಕರಾರನ್ನು ಮೇಷ್ಟ್ರ ಹತ್ತಿರ ಮುದ್ರಿಸಿಕೊಂಡು ಒಯ್ದಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದುತ್ತಾ ಹೋದರು. ಮೂವತ್ತೆಂಟನೆಯ ಪುಟಕ್ಕೆ ಬಂದು ನಿಂತರು. "ಶರಣಪ್ಪನವರ, ಏನss ತಕರಾರು ಬಂದ್ರೂ ಕಂಪನಿ ಇರೂ ಯಾವುದೋ ದ್ವೀಪದ ಕಾನೂನಿನ ಪ್ರಕಾರ, ಆ ದ್ವೀಪಕ್ಕss ಬಂದು, ಸ್ವಂತ ಖರ್ಚಿನಾಗ ಬಗಿಹರಿಸ್ಕೋತೀನಿ ಅಂತ ಒಪ್ಪೀರಿ ನೀವು."

"ಒಪ್ಪೀನ್ರಿ."

"ಓದಿ ಒಪ್ಪಿದ್ರ್ಯಾ?"

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. "ಯಾ ಅಲ್ಲಾ" ಎಂದು ಮೆಹಬೂಬ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವುದು ಮುಗಿಸಿ ಚಹಾ ತರಿಸಿದರು, ಕುಡಿದು ಮತ್ತೊಮ್ಮೆ ನಕ್ಕರು. ಮನೆಗೆ ಬಂದು ನಾನು ಆ ಕರಾರನ್ನು ಮೊದಲ ಸಲ ಪೂರ್ತಿ ಓದಿದೆ. ಓದಿದರೆ ಸಿಟ್ಟು ಬರಬೇಕಿತ್ತು, ಬಂದದ್ದು ಗೌರವ. ಎಂಥ ಬರವಣಿಗೆ! ಒಂದು ಕಡೆ ಇಲಿ ನುಸುಳುವಷ್ಟು ಸಂದಿ ಬಿಟ್ಟಿಲ್ಲ. ಕೊಡುವ ಮಾತು ಬಂದಲ್ಲೆಲ್ಲ 'ಕೊಡಬಹುದು', ತೆಗೆದುಕೊಳ್ಳುವಲ್ಲೆಲ್ಲ 'ತೆಗೆದುಕೊಳ್ಳತಕ್ಕದ್ದು'. ಇದನ್ನು ಬರೆದವನು ಮಾನ್ವಿಯಲ್ಲಿ ನನ್ನ ಪಕ್ಕ ಮೇಜು ಹಾಕಿದ್ದರೆ ನನಗೆ ಒಂದು ಗಿರಾಕಿಯೂ ಸಿಗುತ್ತಿರಲಿಲ್ಲ.

ಮೊದಲು ನೋಟೀಸು ಕೊಡಬೇಕು. ಕಂಪನಿಯ ವಿಳಾಸ ಆ ದ್ವೀಪದ ಒಂದು ಅಂಚೆ ಪೆಟ್ಟಿಗೆ. ಅದೇ ಪೆಟ್ಟಿಗೆಯ ನಂಬರಿಗೆ ಬೇರೆ ಕಂಪನಿಗಳೂ ಸಾಲುಗಟ್ಟಿ ನಿಂತಿವೆ ಎಂದು ಮೆಹಬೂಬ್ ಸಾಹೇಬರು ಹುಡುಕಿ ಹೇಳಿದರು. ನಮ್ಮಲ್ಲಿ ಇಬ್ಬರು ಅಣ್ಣತಮ್ಮಂದಿರಿಗೆ ಒಂದು ಬಾಗಿಲು ಸಾಲದೆ ನಡುಗೋಡೆ ಎಬ್ಬಿಸುತ್ತಾರೆ, ಅಷ್ಟು ಮಂದಿ ಒಂದು ಪೆಟ್ಟಿಗೆಯಲ್ಲಿ ಹೇಗೆ ಸಂಸಾರ ಮಾಡುತ್ತಾರೋ ಎಂದು ನನಗೆ ಬೆರಗಾಯಿತು. ನೋಟೀಸಿನ ಕರಡನ್ನು ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಯಾವುದೇ ಆಸ್ತಿ ಬರೆದರೂ ಅದರ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಚಕ್ಕುಬಂದಿ ಬರೆಯದೆ ನನ್ನ ಕೈ ನಿಲ್ಲುವುದಿಲ್ಲ. ದ್ವೀಪದ ನಕ್ಷೆ ನೋಡಿ ಬರೆದೆ: ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಸದರಿ ಸಮುದ್ರ. "ಇದೇನು ಪ್ಲಾಟ್ ಮಾರೋದೇನ್ರೀ?" ಎಂದು ವಕೀಲರು ಅದನ್ನು ಹೊಡೆದುಹಾಕಿದರು. ನಾನು ಟೈಪ್ ಮಾಡಿಸುವಾಗ ಮತ್ತೆ ಸೇರಿಸಿದೆ. ನೋಟೀಸು ಸಮುದ್ರ ದಾಟಿ ಹೋಗಿ, ತೆಗೆದುಕೊಳ್ಳುವವರಿಲ್ಲ ಎಂಬ ಮುದ್ರೆಯೊಂದಿಗೆ ಮೂರು ತಿಂಗಳಿಗೆ ನನ್ನ ಅಂಗಳಕ್ಕೇ ಬಂದು ಬಿತ್ತು. ಅಷ್ಟು ದೂರ ಹೋಗಿ ಬಂದ ನಮ್ಮ ಮನೆಯ ಮೊದಲ ವಸ್ತು ಅದು.

ಕೊನೆಗೆ ರಾಯಚೂರಿನಲ್ಲೇ ಗ್ರಾಹಕರ ಆಯೋಗಕ್ಕೆ ದೂರು ಹಾಕಿದೆವು. ಗ್ರಾಹಕ ಇರುವ ಊರಿನಲ್ಲೇ ಕೇಳಬಹುದು ಎಂದು ವಕೀಲರು ದಾರಿ ಹುಡುಕಿದ್ದರು. ದೂರಿನಲ್ಲೂ ಚಕ್ಕುಬಂದಿ ಹೇಗೋ ಉಳಿದುಬಿಟ್ಟಿತ್ತು. ಅಧ್ಯಕ್ಷರ ಜಾಗದಲ್ಲಿದ್ದ ಹೆಣ್ಣುಮಗಳು ಅದನ್ನು ಓದಿ, ಇದು ಯಾಕೆ ಎಂದರು. ಮೆಹಬೂಬ್ ಸಾಹೇಬರು ನನ್ನ ಕಾಲು ತುಳಿಯುವಷ್ಟರಲ್ಲಿ ನಾನೇ ಎದ್ದು ನಿಂತೆ. "ಅವ್ವಾರ, ನಾಕೂ ಕಡಿ ನೀರದ, ಕಂಪನಿ ತಪ್ಪಿಸ್ಕೊಂಡು ಹೋಗಾಕ ದಾರಿ ಇಲ್ಲಂತ ತೋರಸಾಕ ಬರದೀನ್ರಿ." ಅವರು ಕಾಗದದ ಮರೆಯಲ್ಲಿ ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡಿದ್ದರು. "ನಾಲ್ಕೂ ಕಡೆ ನೀರಿದ್ದರೆ ನಮ್ಮ ನೋಟೀಸು ಒಳಗೆ ಹೋಗುವುದಕ್ಕೂ ದಾರಿ ಇಲ್ಲವಲ್ಲ" ಎಂದು ಇಮೇಲಿನಲ್ಲಿ ಕಳಿಸಲು ಅಪ್ಪಣೆ ಕೊಟ್ಟರು. ಇಮೇಲಿಗೆ ಸೋಫಿಯಾ ತಕ್ಷಣ ಉತ್ತರಿಸಿದಳು. ನಿಮ್ಮ ಸಮನ್ಸು ನಮಗೆ ಬಹಳ ಮುಖ್ಯ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದಳು. ಉತ್ತರ ಬಂದಿದೆ ಎಂದರೆ ಮುಟ್ಟಿದೆ ಎಂದೇ ಅರ್ಥ ಎಂದು ಮೆಹಬೂಬ್ ಸಾಹೇಬರು ವಾದಿಸಿ ಗೆದ್ದರು. ಮಹಾದೇವಿಯ ತವರಿನ ಕೌದಿಯನ್ನೂ ಹಾಜರುಪಡಿಸಿ, ಮೂಲೆ ಬಿಚ್ಚಿ ಒಣ ರೊಟ್ಟಿ ತೋರಿಸಿದೆವು. ಅದು ಜೋಳದ್ದೇ ಎಂಬುದಕ್ಕೆ ಯಾರೂ ತಕರಾರು ಮಾಡಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಆದೇಶ ಬಂತು. ಎದುರುದಾರರು ಗೈರುಹಾಜರು. ತೊಂಬತ್ತು ಸಾವಿರ, ಅದರ ಬಡ್ಡಿ, ಮನೋವೇದನೆಗೆ ಹತ್ತು ಸಾವಿರ ಕೊಡತಕ್ಕದ್ದು. ನಾನು ಮೊದಲು ನೋಡಿದ್ದು 'ಕೊಡತಕ್ಕದ್ದು' ಎಂಬುದನ್ನು. ಮರುದಿನ ಪತ್ರಿಕೆಯ ಒಳಪುಟದಲ್ಲಿ, ವಿದೇಶಿ ಕಂಪನಿಗೆ ಬುದ್ಧಿ ಕಲಿಸಿದ ರಾಯಚೂರಿನ ನಿವೃತ್ತ ಬಾಂಡ್ ರೈಟರ್ ಎಂದು ಸುದ್ದಿ ಬಂತು. ಚಹಾ ಅಂಗಡಿಯವನು ರೊಕ್ಕ ತೆಗೆದುಕೊಳ್ಳಲಿಲ್ಲ. ಮಾನ್ವಿಯಿಂದ ಹಳೆಯ ಗಿರಾಕಿಗಳು ಫೋನು ಮಾಡಿದರು. ಎರಡು ದಿನ ನಾನು ಸ್ವಲ್ಪ ಎದೆ ಮುಂದೆ ಮಾಡಿಯೇ ನಡೆದೆ.

ಮೂರನೆಯ ದಿನ ದೇವದುರ್ಗದ ಬಸ್ಸಿನಿಂದ ಮಸರಕಲ್ಲಿನ ಐದೂ ಹೆಂಗಸರು ಇಳಿದು ಬಂದರು. ಪೇಪರಿನ ಸುದ್ದಿಯನ್ನು ಅವರಿಗೆ ಯಾರೋ ಓದಿ ಹೇಳಿದ್ದರು. ಶೇಂಗಾ ಹೋಳಿಗೆ ತಂದಿದ್ದರು, ನನಗೆ ಹೊದಿಸಲು ಒಂದು ಶಾಲು ಕೂಡ. ಶಾಲು ಹೊದಿಸಿಕೊಂಡು ಕೂತು, ಗೆದ್ದಿರುವುದು ನಿಜ ಆದರೆ ಹಣ ಬಂದಿಲ್ಲ ಎಂದು ಹೇಳುವುದು ಸುಲಭದ ಕೆಲಸವಲ್ಲ. ಕಂಪನಿ ತಾನಾಗಿ ಕೊಡದಿದ್ದರೆ ಜಾರಿ ಅರ್ಜಿ ಹಾಕಬೇಕು, ಕಂಪನಿಗೆ ಈ ದೇಶದಲ್ಲಿ ಒಂದು ಕುರ್ಚಿಯೂ ಇಲ್ಲ, ಜಪ್ತಿಗೆ ಕೋರ್ಟಿನ ಅಮೀನ ಆ ದ್ವೀಪಕ್ಕೇ ಹೋಗಬೇಕು ಎಂದೆಲ್ಲ ಹೇಳಿದೆ.

"ಗೆದ್ದ ಮ್ಯಾಲೂ ರೊಕ್ಕ ಬರೂದಿಲ್ಲಂದ್ರ, ಸೋತೋರಿಗೆ ಏನಾಗ್ತದ್ರೀ ಯಪ್ಪಾ?" ಎಂದಳು ದುರುಗಮ್ಮ. ವ್ಯಂಗ್ಯವಲ್ಲ, ತಿಳಿಯದೆ ಕೇಳಿದ್ದು. ಮೂವತ್ತೆರಡು ವರ್ಷ ಕಚೇರಿಯ ಮುಂದೆ ಕೂತ ನಾನು ಹೊದ್ದ ಶಾಲನ್ನು ತೆಗೆದು ಮಡಚತೊಡಗಿದೆ. ಆಕೆ ದನಿ ತಗ್ಗಿಸಿ, "ನಂದು ಅಕ್ಕಾ ಮುಟ್ಟಿಸ್ಯಾಳ. ಅದಕ್ಕss ನನಗ ಈ ನಾಕು ಮಂದಿ ಮಾರಿ ನೋಡಾಕ ಆಗವಲ್ದು" ಎಂದಳು. ಮಹಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಕೊಟ್ಟ ಮಾತು ಆಕೆಯದು, ಕೆಡಿಸಿದವನು ನಾನು.

ಈಗ ಓದುಗರಲ್ಲಿ ಒಂದು ವಿಷಯ ಅರಿಕೆ ಮಾಡಿಕೊಳ್ಳಬೇಕು. ಮಾನ್ವಿಯ ಒಂದು ಬ್ಯಾಂಕಿನಲ್ಲಿ ನನ್ನದೊಂದು ಖಾತೆಯಿತ್ತು. ಹನ್ನೊಂದು ವರ್ಷದಿಂದ ಅದರಲ್ಲಿ ಇಷ್ಟಿಷ್ಟೇ ಹಾಕುತ್ತ ಬಂದಿದ್ದೆ. ಮಹಾದೇವಿಗೆ ಗೊತ್ತಿರಲಿಲ್ಲ. ಕೆಟ್ಟ ಉದ್ದೇಶವೇನಿಲ್ಲ, ಆಪತ್ತಿಗಿರಲಿ ಎಂದು. ಆದರೆ ಆಪತ್ತು ಎದುರಿಗೆ ಬಂದು ಕೂತಾಗಲೆಲ್ಲ, ಇದು ಆ ಆಪತ್ತಲ್ಲ, ಅದು ಬೇರೆ ಎಂದು ಅನ್ನಿಸಿಬಿಡುತ್ತಿತ್ತು. ಹೆಂಡತಿಯ ಪಾಟ್ಲಿ ಹೋದ ದಿನವೂ ಹಾಗೇ ಅನ್ನಿಸಿತ್ತು. ಹೆಂಗಸರು ಹೋಳಿಗೆಯ ಡಬ್ಬಿ ಇಟ್ಟು ಬಸ್ಸಿಗೆ ಹೋದ ಮೇಲೆ ಮಾತ್ರ ಹಾಗೆ ಅನ್ನಿಸಲಿಲ್ಲ. ಮರುದಿನವೇ ಮಾನ್ವಿಗೆ ಹೋಗಿ ಎಂಬತ್ತು ಸಾವಿರ ತೆಗೆದು ತಂದು ಮಹಾದೇವಿಯ ಕೈಗಿಟ್ಟೆ. ನಾಲ್ವರಿಗೆ ಅರವತ್ತನಾಲ್ಕು, ಪಾಟ್ಲಿ ಬಿಡಿಸಲು ಹದಿನಾರು. "ಕಂಪನಿಯವರು ಕೊಟ್ರು" ಎಂದೆ. "ಉಳದದ್ದು ಬಡ್ಡಿ ಸಮೇತ ಆಮ್ಯಾಲ ಕೊಡ್ತಾರಂತ."

ಆಕೆಯ ಕಣ್ಣಲ್ಲಿ ನೀರು ಬಂತು. ಅಂದೇ ಮಸರಕಲ್ಲಿಗೆ ಹೋಗಿ ನಾಲ್ವರಿಗೂ ಮುಟ್ಟಿಸಿ ಬಂದಳು. ಸಂಜೆ ಪಾಟ್ಲಿ ಕೈಗೆ ಬಂದವು. ರಾತ್ರಿಯ ಊಟಕ್ಕೆ ನನಗೆ ಬದನೆಕಾಯಿ ಎಣ್ಣೆಗಾಯಿ. ಊಟ ಮುಗಿದು ಕೈ ತೊಳೆದು ಬಂದೆ. ಆಕೆ ಸೆರಗಿನ ಗಂಟಿನಿಂದ ನೋಟಿನ ಕಟ್ಟಿಗೆ ಸುತ್ತಿದ್ದ ಕಾಗದದ ಪಟ್ಟಿಯೊಂದನ್ನು ತೆಗೆದು ತಟ್ಟೆಯ ಪಕ್ಕ ಇಟ್ಟಳು. ಅದರ ಮೇಲೆ ಮಾನ್ವಿ ಬ್ಯಾಂಕಿನ ಮುದ್ರೆ ಸ್ಪಷ್ಟವಾಗಿತ್ತು. "ಆ ದ್ವೀಪ ಮಾನ್ವಿಯಾಗ ಬರ್ತದೇನ್ರೀ?" ಎಂದಳು.

ಪಾಸ್‌ಬುಕ್ ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಸಾಲೂ ಬಿಡದೆ ಓದಿದಳು. ಮಡಚಿ ತನ್ನ ಟ್ರಂಕಿನಲ್ಲಿಟ್ಟಳು. "ಅವರು ವರ್ಷ ಮುಚ್ಚಿಟ್ರಂತ ಕೋರ್ಟಿಗೆ ಹೋದ್ರಿ. ಹನ್ನೊಂದು ವರ್ಷ ಮುಚ್ಚಿಟ್ಟೋರ ಮ್ಯಾಲ ಎಲ್ಲಿಗೆ ಹೋಗ್ಬೇಕ್ರೀ?" ಎಂದು ಕೇಳಿ ಮಲಗಲು ಹೋದಳು.

ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಆಕೆ ಇರಲಿಲ್ಲ. ಎಲ್ಲಿಗೆ ಹೋದಳೋ ಎಂದು ಅಂಗಳ, ಮಾಳಿಗೆ, ಹಿತ್ತಲು ಎಲ್ಲ ಹುಡುಕಿದೆ. ಹತ್ತು ಗಂಟೆಗೆ, ಏನಾದರೂ ದಾರಿ ಹೇಳಿಯಾರು ಎಂದು ಮೆಹಬೂಬ್ ಸಾಹೇಬರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು ಗಂಟಲು ಸರಿಮಾಡಿಕೊಂಡರು.

"ಮಾಫ್ ಮಾಡ್ರಿ ಶರಣಪ್ಪನವರ" ಎಂದರು. "ಅಕ್ಕಾರು ಇಲ್ಲೇ ಎದುರಿಗೆ ಕುಂತಾರ. ನಿಮ್ಮ ಮ್ಯಾಲ ವಕಾಲತ್ತಿಗೆ ಸಹಿ ಆಗ್ಯಾದ. ಪೂರಾ ಓದಿನss ಹಾಕ್ಯಾರ."